ಅಮಾವಾಸ್ಯೆಯ ಬರ್ತ್‌ಡೇ

ಆಗಿನ ಕಾಲ ಎಂದರೆ ಸಾಕು, ಓದುವವರು ನಿಟ್ಟುಸಿರು ಬಿಡಲು ತಯಾರಾಗಿಬಿಡುತ್ತಾರೆ. ಆಗ ಬಾಗಿಲಿಗೆ ಬೀಗ ಇರಲಿಲ್ಲ, ಎಲ್ಲರ ಮನೆ ಮಕ್ಕಳೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು, ದೊಡ್ಡವರೆಲ್ಲ ದೇವರಂಥವರು ಎಂದು ನನ್ನ ವಾರಗೆಯವರು ಬರೆಯುವುದನ್ನು ನಾನೂ ಓದಿದ್ದೇನೆ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಅಂಥ ದೇವರು ಯಾರೂ ವಾಸವಿರಲಿಲ್ಲ. ನಮ್ಮ ಮನೆಯಲ್ಲಂತೂ ಚಿಕ್ಕಪ್ಪ ಇದ್ದ.

ಆಗ ನಮ್ಮ ನಡುಮನೆಯಲ್ಲಿ ನಾಲ್ಕು ಪವರ್‌ಲೂಮ್‌ಗಳಿದ್ದವು. ಬೆಳಗಿನ ಕಾಫಿಗೆ ಮುಂಚೆ ಶುರುವಾದ ಅವುಗಳ ಟಕಾಟಕ ಕರೆಂಟು ಹೋದರೆ ಮಾತ್ರ ನಿಲ್ಲುತ್ತಿತ್ತು. ಅಮ್ಮ ಊಟಕ್ಕೆ ಕರೆಯುವಾಗ ಬಾಯಿ ತೆರೆಯುವ ಗೋಜಿಗೇ ಹೋಗುತ್ತಿರಲಿಲ್ಲ, ಅಡುಗೆಮನೆ ಬಾಗಿಲಲ್ಲಿ ನಿಂತು ಕೈಯನ್ನು ಬಾಯಿಗೆ ತೋರಿಸುತ್ತಿದ್ದಳು. ಮಗ್ಗಕ್ಕೆ ಬಿಡುವ ಎಣ್ಣೆಯ ವಾಸನೆ, ಹೊಸ ನೂಲಿನ ವಾಸನೆ, ಸಾರಿನ ಒಗ್ಗರಣೆ ಎಲ್ಲ ಕಲೆತು ನಮ್ಮ ಶಾಲೆಯ ಚೀಲದೊಳಗೂ ಸೇರಿಕೊಂಡಿತ್ತು. ಅಮಾವಾಸ್ಯೆಯ ದಿನ ಒಂದೇ ಇಡೀ ಬೀದಿ ಸುಮ್ಮನಾಗುತ್ತಿದ್ದದ್ದು. ಅವತ್ತು ನೇಕಾರರು ಮಗ್ಗ ಮುಟ್ಟುವುದಿಲ್ಲ. ಮಗ್ಗ ಒರೆಸಿ, ಅರಿಶಿನ ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ, ಒಬ್ಬಟ್ಟು ಉಂಡು ಕಾಲು ಚಾಚುವ ದಿನ. ಬೇರೆಯವರ ಭಾನುವಾರ ನಮ್ಮ ಅಮಾವಾಸ್ಯೆ. ಉಳಿದ ಲೋಕ ಆ ದಿನವನ್ನು ಹೇಗೆ ನೋಡುತ್ತದೆ ಎಂದು ಯೋಚಿಸುವ ಪ್ರಸಂಗ ನಮ್ಮ ಮನೆಯಲ್ಲಿ ಯಾರಿಗೂ ಬಂದಿರಲಿಲ್ಲ.

ಹಿತ್ತಲಿನ ಒಂದೇ ಕೋಣೆಯ ಮನೆಯಲ್ಲಿ ಸಿದ್ದಣ್ಣನ ಸಂಸಾರವಿತ್ತು. ಸಿದ್ದಣ್ಣ ನಮ್ಮ ಎರಡು ಮಗ್ಗ ನೇಯುತ್ತಿದ್ದ. ಅವನ ಹೆಂಡತಿ ಗಂಗಮ್ಮ ಲಾಳಿಯೊಳಗೆ ಕೂರಿಸುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ಮಗಳು ನೇತ್ರಾ ನನ್ನದೇ ಕ್ಲಾಸು, ನನ್ನದೇ ಬೆಂಚು. ನಾನು ಎಂದರೆ ಶೈಲಾ, ಆಗ ಎಂಟು ಮುಗಿದು ಒಂಬತ್ತಕ್ಕೆ ಕಾಲಿಡುವವಳು.

ಅಲ್ಲಿಯವರೆಗೆ ನನ್ನ ಹುಟ್ಟುಹಬ್ಬ ಎಂದರೆ ಅಜ್ಜಿ ತಲೆಗೆ ಎಣ್ಣೆ ಒತ್ತಿ ನೀರು ಹಾಕಿ ಶ್ಯಾವಿಗೆ ಪಾಯಸ ಮಾಡುವುದು, ಅಷ್ಟೇ. ಆ ವರ್ಷ ನಮ್ಮ ಕ್ಲಾಸಿನ ಹುಡುಗಿಯೊಬ್ಬಳು ಬಣ್ಣದ ಫ್ರಾಕು ಹಾಕಿಕೊಂಡು ಬಂದು ಎಲ್ಲರಿಗೂ ಚಾಕೊಲೇಟು ಹಂಚಿ, ಸಂಜೆ ಮನೆಯಲ್ಲಿ ಪಾರ್ಟಿ ಇದೆ ಎಂದಳು. ನಮ್ಮಿಬ್ಬರನ್ನು ಕರೆಯಲಿಲ್ಲ. ಹಾಗಾದರೆ ನಾವೇ ಮಾಡೋಣ ಎಂದು ನೇತ್ರಾ ತೀರ್ಮಾನ ಮಾಡಿದಳು. ಅವಳಿಗೆ ತನ್ನ ಹುಟ್ಟಿದ ದಿನವೇ ಗೊತ್ತಿರಲಿಲ್ಲ. ಅವರೆಕಾಯಿ ಕಾಲದಲ್ಲಿ ಹುಟ್ಟಿದಳು ಎನ್ನುವಷ್ಟು ಮಾತ್ರ ಗಂಗಮ್ಮನಿಗೆ ನೆನಪು. ಹಾಗಾಗಿ ನನ್ನದನ್ನೇ ಅವಳು ಕೈಗೆ ತೆಗೆದುಕೊಂಡಳು.

ನಾಲ್ಕನೆಯ ಮಗ್ಗದ ಹಿಂದೆ ಗೋಣಿಚೀಲಗಳ ಸಂದಿಯಲ್ಲಿ ಕೂತು ನಾವು ಪಾರ್ಟಿಯ ಯೋಜನೆ ಹಾಕಿದೆವು. ನೇತ್ರಾ ಹೇಳುವುದು, ನಾನು ಬರೆಯುವುದು. ಈರುಳ್ಳಿ, ಕ್ಯಾರೆಟ್ ತುರಿ, ನಿಂಬೆರಸ ಹಾಕಿ ಕಲಸಿದ ಕಡ್ಲೆಪುರಿ. ಬೆಲ್ಲದ ಪಾನಕ. ಕೇಕಿನ ಬದಲು ಬೇಕರಿಯ ದೊಡ್ಡ ಬನ್ನು, ಅದರ ಮೇಲೆ ಒಂದು ಮೇಣದಬತ್ತಿ. ಆಟಕ್ಕೆ ಕುಂಟೆಬಿಲ್ಲೆ, ಗೆದ್ದವರಿಗೆ ಒಂದು ಹಿಡಿ ಪುರಿ ಜಾಸ್ತಿ. ಮಗ್ಗದ ಕೆಳಗೆ ಕತ್ತರಿಸಿ ಬಿಸಾಡಿದ ಬಣ್ಣಬಣ್ಣದ ರೇಷ್ಮೆ ನೂಲಿನ ತುಂಡುಗಳನ್ನು ಆಯ್ದು ಜಡೆ ಹೆಣೆದು ಬಾಗಿಲಿಗೆ ತೋರಣ ಕಟ್ಟಬೇಕು ಎನ್ನುವುದು ಅವಳದೇ ಯೋಚನೆ. ಹದಿನೈದು ದಿನ ಅವಳ ಕೈಬೆರಳು ಬಿಡುವು ಕಂಡಿರಲಿಲ್ಲ. ಮೇಷ್ಟ್ರು ಪಾಠ ಮಾಡುತ್ತಿದ್ದಾಗಲೂ ಬೆಂಚಿನ ಕೆಳಗೆ ನೂಲು ಹೆಣೆಯುತ್ತಿದ್ದಳು. ನನ್ನ ಹುಟ್ಟುಹಬ್ಬದ ಖುಷಿ ನನಗಿಂತ ಅವಳಿಗೇ ಹೆಚ್ಚಿತ್ತು.

ಈ ಪಟ್ಟಿ ಚಿಕ್ಕಪ್ಪನ ಕೈಗೆ ಸಿಕ್ಕಿತು.

ಚಿಕ್ಕಪ್ಪ ನೇಯುತ್ತಿರಲಿಲ್ಲ. ಅಪ್ಪ ನೇಯಿಸಿದ ಸೀರೆಗಳನ್ನು ಬೆಂಗಳೂರಿನ ಅಂಗಡಿಗೆ ಒಯ್ದು ಕೊಡುವುದು ಅವನ ಕೆಲಸ. ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುವವನಿಗೆ ಸೊಂಟದಲ್ಲಿ ಮೊಬೈಲಿನ ಚೀಲ, ಶರ್ಟಿಗೆ ಸಿಕ್ಕಿಸಿದ ಕಪ್ಪು ಕನ್ನಡಕ. ಮಾತು ಆರಂಭಿಸುವ ಮೊದಲು 'ಆಕ್ಚುವಲಿ' ಎನ್ನದಿದ್ದರೆ ಅವನಿಗೆ ಗಂಟಲೇ ತೆರೆಯುತ್ತಿರಲಿಲ್ಲ. ಹೊಟ್ಟೆಗಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಅಜ್ಜಿ ಅವನ ಎದುರಿಗೇ ಹೇಳುತ್ತಿದ್ದಳು. ಅವನು ಅದನ್ನು ಹೊಗಳಿಕೆ ಎಂದುಕೊಂಡು ಕ್ರಾಪು ತೀಡಿಕೊಳ್ಳುತ್ತಿದ್ದ.

ಸೀರೆ ಅಂಗಡಿ ಸಾಹುಕಾರರ ಮಗಳ ಬರ್ತ್‌ಡೇಯನ್ನು ಅವನು ಬಾಗಿಲಲ್ಲಿ ನಿಂತು ನೋಡಿ ಬಂದಿದ್ದ. ಆ ಸಂಸಾರವನ್ನು ನಮ್ಮ ಮನೆಗೆ ಕರೆಸಿ ಕೂರಿಸಿಬಿಟ್ಟರೆ ನಮ್ಮ ಸೀರೆಗಳಿಗೆ ಆ ಅಂಗಡಿಯಲ್ಲಿ ಬೇರೆಯದೇ ಮರ್ಯಾದೆ ಸಿಗುತ್ತದೆ ಎಂಬುದು ಅವನ ಲೆಕ್ಕಾಚಾರ. ಎಂಟು ವರ್ಷ ಯಾರ ಕಣ್ಣಿಗೂ ಬೀಳದ ನನ್ನ ಹುಟ್ಟಿದ ದಿನ ಹೀಗೆ ಒಂದು ಸಂಜೆಯಲ್ಲಿ ವ್ಯಾಪಾರದ ಸಂಗತಿಯಾಯಿತು. ಕಡ್ಲೆಪುರಿಯನ್ನು ನೋಡಿ ಅವನು ನಕ್ಕ ನಗು ಈಗಲೂ ನನ್ನ ಕಿವಿಯಲ್ಲಿದೆ. ಬನ್ನಿಗೆ ಇನ್ನೂ ಜೋರಾಗಿ ನಕ್ಕ.

ಕರೆಯುವವರ ಪಟ್ಟಿ ಹೊಸದಾಗಿ ಆಗಬೇಕು ಎಂದ. ಸಾಹುಕಾರರ ಇಬ್ಬರು ಮಕ್ಕಳು, ಬ್ಯಾಂಕ್ ಮ್ಯಾನೇಜರ ಮಗ, ಡಾಕ್ಟರ ಮನೆಯ ಅವಳಿಗಳು. ಅಕ್ಷರ ದುಂಡಗಿದೆ ಎಂದು ಬರೆಯಲು ನನ್ನನ್ನೇ ಕೂರಿಸಿದ. ನಾನು ಎಲ್ಲರಿಗಿಂತ ಮೇಲೆ ನೇತ್ರಾಳ ಹೆಸರು ಬರೆದಿದ್ದೆ. ಚಿಕ್ಕಪ್ಪ ಪೆನ್ನು ಕಿತ್ತುಕೊಂಡು ಅದರ ಮೇಲೆ ಗೀಟು ಎಳೆದ.

"ಇವ್ಳು ಮನೇಲೇ ಇರ್ತಾಳಲ್ಲಮ್ಮ, ಇವ್ಳನ್ನೇನು ಕರಿಯೋದು?"

ಆಮೇಲೆ ನಿಜವಾದ ಕಾರಣವೂ ಹೊರಬಿತ್ತು. ಮಗ್ಗದವರ ಮಕ್ಕಳು ಬಂದು ಸಾಹುಕಾರರ ಮಕ್ಕಳ ಪಕ್ಕದಲ್ಲಿ ಕೂತರೆ ಆ ಮಕ್ಕಳ ತಾಯಿ ಏನೆಂದುಕೊಳ್ಳುತ್ತಾಳೆ ಎಂದ. ನಾವೂ ಮಗ್ಗದವರೇ ಎನ್ನುವುದು ಅವನಿಗೆ ಹೊಳೆಯಲಿಲ್ಲ. ಅಮ್ಮ ಅಪ್ಪನ ಮುಖ ನೋಡಿದಳು, ಅಪ್ಪ ಎದ್ದು ಹೋಗಿ ಓಡುತ್ತಿದ್ದ ಮಗ್ಗ ನೋಡಿದ. ಅಪ್ಪನ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ಏನೂ ಇಲ್ಲ.

ದಿನವನ್ನೂ ಚಿಕ್ಕಪ್ಪನೇ ಗೊತ್ತು ಮಾಡಿದ. ನಾನು ಹುಟ್ಟಿದ ದಿನ ಮಗ್ಗ ಓಡುತ್ತಿರುತ್ತವೆ, ಬಂದವರು ಕಿವಿ ಮುಚ್ಚಿಕೊಂಡು ಕೂರಬೇಕಾಗುತ್ತದೆ.

"ಆಕ್ಚುವಲಿ ಅಮಾಸೆ ದಿನ ಇಟ್ಕೊಳಾಣ. ಮಗ್ಗ ನಿಂತಿರ್ತವೆ, ದೊಡ್ಡೋರು ಆಡೋ ಮಾತು ಕಿವೀಗ್ ಬೀಳುತ್ತೆ. ನಾಲ್ಕು ದಿನ ಮುಂಚೆ ಹುಟ್ಟಿದ್ಲು ಅಂದ್ಕೊಂಡ್ರಾಯ್ತು."

ಅಜ್ಜಿ ಕೂಡ ಅಡ್ಡ ಹೇಳಲಿಲ್ಲ. ಹೇಗಿದ್ದರೂ ಮಗ್ಗದ ಪೂಜೆ ಇರುತ್ತದೆ, ಒಬ್ಬಟ್ಟು ಇರುತ್ತದೆ, ಒಳ್ಳೆಯ ದಿನವೇ ಎಂದಳು. ಪಂಚಾಂಗದಲ್ಲಿ ತಪ್ಪು ಹುಡುಕುವ ಮುದುಕಿಗೇ ಹೊಳೆಯದ್ದು ಬೇರೆ ಯಾರಿಗೆ ಹೊಳೆಯಬೇಕು.

ನಾನು ಹಟ ಮಾಡಿದೆ, ಅತ್ತೆ, ಊಟ ಬಿಟ್ಟೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಹಾಗೇನೂ ಆಗಲಿಲ್ಲ. ಸಾಹುಕಾರರ ಮಗಳು ಮಲಗಿಸಿದರೆ ಕಣ್ಣು ಮುಚ್ಚುವ ಗೊಂಬೆ ತರುತ್ತಾಳೆ ಎಂದು ಚಿಕ್ಕಪ್ಪ ಹೇಳಿದ. ನನಗೆ ಅಷ್ಟು ಸಾಕಾಯಿತು. ಸಿದ್ದಣ್ಣನ ಸಂಸಾರ ಅವತ್ತು ನಮ್ಮೂರ ಹತ್ತಿರದ ಮಧುರೆ ಹಳ್ಳಿಯಲ್ಲಿರುವ ಅವರ ಊರ ಮನೆಗೆ ಹೋಗಿಬಿಟ್ಟರೆ ಒಳ್ಳೆಯದು, ನೀನೇ ಹೇಳಿ ನೋಡು ಎಂದು ಅವನು ನನ್ನನ್ನು ಕಳಿಸಿದಾಗ ತುಟಿ ಪಿಟಕ್ಕೆನ್ನದೆ ಹೋದೆ.

ನೇತ್ರಾ ಹಿತ್ತಲ ಕಲ್ಲಿನ ಮೇಲೆ ಕೂತು ತೋರಣ ಹೆಣೆಯುತ್ತಿದ್ದಳು.

"ಅಮಾಸೆ ರಜಾ ಅಲ್ವಾ, ನಿಮ್ಮಜ್ಜಿ ಊರಿಗೆ ಹೋಗ್ಬಾರೇ," ಎಂದೆ.

"ಅವತ್ತೇ ನಿನ್ ಹುಟ್ಟಿದಬ್ಬ ಅಂತ ನಮ್ಮಪ್ಪ ಹೇಳ್ತು?"

"ಅದು ಬರೀ ದೊಡ್ಡೋರ್ದು ಕಣೆ. ಸೀರೆ ಅಂಗ್ಡಿಯೋರು ಬರ್ತಾರೆ, ಅಷ್ಟೆ."

ಅವಳು ನೂಲಿನ ತುದಿಗೆ ಗಂಟು ಹಾಕಿದಳು. ಆಮೇಲೆ ತೋರಣವನ್ನು ಸುರುಳಿ ಸುತ್ತಿ ನನ್ನ ಕೈಗಿಟ್ಟಳು. ಹತ್ತು ಮೊಳವಾದರೂ ಇತ್ತು, ಗಿಣಿಹಸಿರು, ಕೆಂಪು, ಅರಿಶಿನ, ನಡುನಡುವೆ ಜರಿಯ ಚೂರು. ಇದನ್ನಾದರೂ ಕಟ್ಟುತ್ತೀರಾ ಎಂದು ಕೇಳಿದಳು. ಕಟ್ಟುತ್ತೇವೆ ಎಂದೆ. ಚಿಕ್ಕಪ್ಪ ಅದನ್ನು ನೀರೊಲೆಗೆ ಹಾಕಿದ, ನಾನು ಪಕ್ಕದಲ್ಲೇ ನಿಂತು ನೋಡಿದೆ. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ.

ಅಮಾವಾಸ್ಯೆ ಬಂತು. ಬೆಳಿಗ್ಗೆ ಅಪ್ಪ ಮಗ್ಗಗಳಿಗೆ ಕುಂಕುಮ ಇಟ್ಟ, ಮಧ್ಯಾಹ್ನ ಚಿಕ್ಕಪ್ಪ ಅದೇ ಮಗ್ಗಗಳಿಗೆ ಬೆಡ್‌ಶೀಟು ಹೊದಿಸಿದ. ಬಂದವರ ಕಣ್ಣಿಗೆ ಅವು ಬೀಳಬಾರದಂತೆ. ನಮ್ಮ ಸೀರೆ ಕೊಳ್ಳುವವರಿಗೆ ನಮ್ಮ ಮಗ್ಗ ತೋರಿಸಲು ನಾಚುವ ಇಂಥ ಇನ್ನೊಬ್ಬ ವ್ಯಾಪಾರಸ್ಥನನ್ನು ನಾನು ಮತ್ತೆ ಕಂಡಿಲ್ಲ. ಗೋಡೆಗೆ ಬಣ್ಣದ ಕಾಗದ, ಬಲೂನು. ಅಮ್ಮ ಬೋಂಡಾ ಕರಿಯುತ್ತೇನೆ ಎಂದದ್ದಕ್ಕೆ ಬೇಡವೆಂದು ಬೇಕರಿ ಸಮೋಸ ತರಿಸಿದ. ಅಜ್ಜಿಯ ಒಬ್ಬಟ್ಟಿನ ಡಬ್ಬ ಮಂಚದ ಕೆಳಗೆ ಸೇರಿತು. ಮೊಟ್ಟೆ ಹಾಕದ ಕೇಕನ್ನು ಬೆಂಗಳೂರಿನಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ. ಅದರ ಮೇಲಿನ ಗುಲಾಬಿ ಹೂಗಳೆಲ್ಲ ಒಂದು ಮೂಲೆಗೆ ಜಾರಿದ್ದವು. ನನಗೆ ಕತ್ತಿನ ಹತ್ತಿರ ಕಡಿಯುವ ಬಿಳಿ ಫ್ರಾಕು.

ಐದು ಗಂಟೆಗೆ ಬರಬೇಕಾದವರು ಆರಾದರೂ ಬರಲಿಲ್ಲ. ಎರವಲು ತಂದ ಹನ್ನೆರಡು ಕುರ್ಚಿಗಳ ಮೇಲೆ ನೊಣಗಳು ಕೂತು ಏಳುತ್ತಿದ್ದವು. ಕೊನೆಗೆ ಚಿಕ್ಕಪ್ಪನ ಮೊಬೈಲು ಹೊಡೆದುಕೊಂಡಿತು. ಮಗ್ಗ ನಿಂತ ಮನೆಯಲ್ಲಿ ಸಾಹುಕಾರರ ಹೆಂಡತಿಯ ದನಿ ಅಡುಗೆಮನೆಯವರೆಗೂ ಕೇಳಿಸಿತು.

"ಅಮಾವಾಸ್ಯೆ ದಿನ ಯಾರಾದ್ರೂ ಮಕ್ಕಳ ಬರ್ತ್‌ಡೇ ಮಾಡ್ತಾರೇನ್ರೀ? ನಮ್ಮ ಮಕ್ಕಳನ್ನ ಇವತ್ತು ಸಂಜೆ ಹೊಸಿಲೇ ದಾಟ್ಸಲ್ಲ ನಾವು. ನಿಮ್ಮ ಮನೇಲಿ ಕ್ಯಾಲೆಂಡರ್ ನೋಡೋರು ಇಲ್ವಾ?"

ಚಿಕ್ಕಪ್ಪ 'ಆಕ್ಚುವಲಿ ಮೇಡಂ' ಎನ್ನುವಷ್ಟರಲ್ಲಿ ಆ ಕಡೆ ಫೋನು ಇಟ್ಟಾಗಿತ್ತು. ಬ್ಯಾಂಕಿನವರು, ಡಾಕ್ಟರ ಮನೆಯವರು ಬಾರದ್ದಕ್ಕೂ ಇದೇ ಕಾರಣವೆಂದು ಆಮೇಲೆ ತಿಳಿಯಿತು. ಕ್ಯಾಲೆಂಡರ್ ನಮ್ಮ ಮನೆಯಲ್ಲೂ ಇತ್ತು, ಅದರಲ್ಲಿ ಅಮಾವಾಸ್ಯೆಯ ಕಪ್ಪು ಚುಕ್ಕೆಯೂ ಇತ್ತು. ನಾವು ಆ ಚುಕ್ಕೆಯನ್ನು ಕಂಡು ಕುಣಿಯುವ ಜನ. ಅವತ್ತು ಯಾವ ಎಗ್ಗೂ ಇಲ್ಲದೆ ಬರಬಹುದಾಗಿದ್ದವರು ಮಗ್ಗದವರ ಮಕ್ಕಳು ಮಾತ್ರ, ಅವರನ್ನೇ ನಾವು ಕರೆದಿರಲಿಲ್ಲ.

ಚಿಕ್ಕಪ್ಪ ಕುರ್ಚಿಯೊಂದರಲ್ಲಿ ಕುಸಿದು ಕೂತ. ಆಮೇಲೆ ನನ್ನ ಕಡೆ ನೋಡದೆಯೇ, ಹೋಗಿ ಬೀದಿ ಮಕ್ಕಳನ್ನೆಲ್ಲ ಕರೆದುಕೊಂಡು ಬಾ, ಇಲ್ಲದಿದ್ದರೆ ಕೇಕು ಕೆಡುತ್ತದೆ ಎಂದ. ಬೀದಿಯ ಮಕ್ಕಳಿಗೆ ಮಾನ ಮರ್ಯಾದೆಯ ಕಾಯಿಲೆ ಇರಲಿಲ್ಲ. ಎರಡು ನಿಮಿಷದಲ್ಲಿ ಕುರ್ಚಿ ತುಂಬಿದವು. ನೇತ್ರಾ ಕಾಣಲಿಲ್ಲ. ನಾನು ಹಿತ್ತಲಿಗೆ ಓಡಿದೆ.

ಅವರು ಮಧುರೆಗೆ ಹೋಗಿರಲಿಲ್ಲ. ಗಂಗಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ನೇತ್ರಾ ಹೊಸಿಲ ಮೇಲೆ ಕೂತಿದ್ದಳು. ದೀಪಾವಳಿಗೆ ಹೊಲಿಸಿದ ಲಂಗ ತೊಟ್ಟಿದ್ದಳು, ಎರಡು ಜಡೆಗೂ ಟೇಪು ಕಟ್ಟಿತ್ತು, ಮುಖದ ಪೌಡರು ಬೆವರಿಗೆ ಗೆರೆಗೆರೆಯಾಗಿತ್ತು. ಮಧ್ಯಾಹ್ನದಿಂದಲೂ ಹಾಗೇ ಸಿಂಗಾರವಾಗಿ ಕೂತಿದ್ದಳು.

"ಬಾರೇ, ಚಿಕ್ಕಪ್ಪ ಕರೀತಾವ್ನೆ," ಎಂದೆ.

"ಅವ್ರು ಬರ್ಲಿಲ್ವಾ?"

"ಇಲ್ಲ."

"ಬಂದಿದ್ರೆ ನನ್ನ ಕರೀತಿದ್ಯಾ?"

ಸಿಟ್ಟಿನಿಂದ ಕೇಳಿದ್ದಲ್ಲ. ಲೆಕ್ಕದ ಉತ್ತರ ಸರಿಯಾ ಎಂದು ನನ್ನ ಸ್ಲೇಟು ನೋಡಿ ಕೇಳುತ್ತಿದ್ದ ಹಾಗೆಯೇ ಕೇಳಿದಳು. ಗಂಗಮ್ಮನ ಕೈ ಮೊರದಲ್ಲಿ ನಿಂತಿತು.

"ಕರೀತಿದ್ದೆ," ಎಂದೆ.

ನೇತ್ರಾ ನನ್ನ ಮುಖವನ್ನೇ ನೋಡಿದಳು. ಆಮೇಲೆ ಹೊಟ್ಟೆ ನೋವು ಎಂದು ಹೇಳಿ ಎದ್ದು ಒಳಗೆ ಹೋದಳು. ಹೋಗವ್ವ, ನಿಮ್ಮನೇಲಿ ಕಾಯ್ತಾವ್ರೆ ಎಂದು ಗಂಗಮ್ಮ ಮೆಲ್ಲಗೆ ನನ್ನನ್ನು ಕಳಿಸಿಬಿಟ್ಟಳು. ನಾನು ಬಂದು ಕೇಕು ಕತ್ತರಿಸಿದೆ, ಎಲ್ಲರೂ ಚಪ್ಪಾಳೆ ತಟ್ಟಿದರು. ಮಾರನೆಯ ದಿನ ಅವಳು ಎಂದಿನಂತೆ ನನ್ನ ಬೆಂಚಿನಲ್ಲೇ ಕೂತಳು. ಜಗಳ ಆಡಲಿಲ್ಲ, ಟೂ ಬಿಡಲಿಲ್ಲ. ಆದರೆ ನಾಲ್ಕನೆಯ ಮಗ್ಗದ ಹಿಂದೆ ನಾವು ಮತ್ತೆ ಕೂರಲಿಲ್ಲ. ಮುಂದಿನ ಯುಗಾದಿ ಹೊತ್ತಿಗೆ ಸಿದ್ದಣ್ಣ ಇನ್ನೊಂದು ಬೀದಿಯಲ್ಲಿ ಮಗ್ಗ ಹಿಡಿದ. ಅವರ ಮನೆ ಖಾಲಿಯಾದ ದಿನ ನಾನು ಶಾಲೆಯಲ್ಲಿದ್ದೆ.

ಈಗ ನಡುಮನೆಯಲ್ಲಿ ಮಗ್ಗಗಳಿಲ್ಲ, ಅಡ್ಡಗೋಡೆ ಎದ್ದು ಎರಡು ಬಾಡಿಗೆ ಸಂಸಾರಗಳಿವೆ. ಕಳೆದ ತಿಂಗಳು ಚಿಕ್ಕಪ್ಪನ ಮೊಮ್ಮಗನ ಬರ್ತ್‌ಡೇ ದೇವನಹಳ್ಳಿ ರಸ್ತೆಯ ಪಾರ್ಟಿ ಹಾಲ್‌ನಲ್ಲಿ ಆಯಿತು. ಬಲೂನಿನ ಕಮಾನು ಕಟ್ಟಲು ಒಬ್ಬ, ಮಕ್ಕಳಿಗೆ ಚಪ್ಪಾಳೆ ತಟ್ಟಿಸಲು ಮೈಕು ಹಿಡಿದ ಇನ್ನೊಬ್ಬ. ಕರೆಯೋಲೆ ಮೊಬೈಲಿಗೆ ಬಂತು, ಇನ್ನೂರು ಜನಕ್ಕೆ ಒಂದೇ ಸಲ. ಯಾರನ್ನು ಬಿಟ್ಟರೋ ಬಿಟ್ಟವರಿಗೇ ಗೊತ್ತಾಗುವುದಿಲ್ಲ, ಹಿತ್ತಲ ಹೊಸಿಲಲ್ಲಿ ಯಾರೂ ಕಾಯಬೇಕಾಗಿಲ್ಲ. ಆ ಹಾಲ್‌ನಲ್ಲಿದ್ದ ಒಂದು ಮಗುವೂ ಆ ದಿನಕ್ಕಾಗಿ ಹದಿನೈದು ದಿನ ಬೆರಳು ಸವೆಸಿರಲಿಲ್ಲ, ಏನು ತಿನ್ನಬೇಕು, ಏನು ಆಡಬೇಕು ಎಂದು ಪಿಸುಗುಟ್ಟಿರಲಿಲ್ಲ. ಮುದುಕನಾದ ಚಿಕ್ಕಪ್ಪ ಮುಂದಿನ ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ನಾನು ಮೂಲೆಯಲ್ಲಿ ನಿಂತು ಮನಸ್ಸಿನಲ್ಲೇ ಅವನನ್ನು ಆಡಿಕೊಂಡೆ. ಇಷ್ಟು ವರ್ಷ ಅದೇ ಕೆಲಸ ಮಾಡಿಕೊಂಡು ಬಂದಿದ್ದೇನೆ, ಅದರಲ್ಲಿ ನನಗೆ ಒಳ್ಳೆಯ ಅನುಕೂಲವೂ ಇದೆ. ಅವನನ್ನು ನೋಡಿ ನಗುತ್ತಿರುವವರೆಗೆ ನನ್ನನ್ನು ನಾನು ನೋಡಿಕೊಳ್ಳಬೇಕಾಗಿಲ್ಲ. ಚಿಕ್ಕಪ್ಪ ಗೀಟು ಎಳೆದದ್ದು ಕಾಗದದ ಮೇಲೆ. ನಾನು ಅವಳ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ.

ಆಮೇಲೆ ಎಷ್ಟೋ ಜನ ಸ್ನೇಹಿತರಾದರು, ನನ್ನನ್ನು ಅಂಥ ಪ್ರಶ್ನೆ ಕೇಳುವ ಸಲಿಗೆ ಯಾರಿಗೂ ಬರಲಿಲ್ಲ. ಅವತ್ತು 'ಇಲ್ಲ ಕಣೆ, ಕರೀತಿರ್ಲಿಲ್ಲ' ಎಂದು ನಿಜ ಹೇಳಿದ್ದರೆ ಅವಳು ಎದ್ದು ಬಂದುಬಿಡುತ್ತಿದ್ದಳು.