ಲೋಪಮ್ಮ ಬಾಲ ಹಿಡಿದ ಕಥೆ

ವಿಭಕ್ತಿ ಪ್ರತ್ಯಯಗಳನ್ನು ನುಂಗಿ ಬರೆಯುತ್ತಿದ್ದ ಆ ಹುಡುಗಿಗೆ ತರಗತಿಯಲ್ಲಿ ‘ಲೋಪಮ್ಮ’ ಎಂದು ಹೆಸರಿಟ್ಟವನು ಕನ್ನಡ ಮೇಷ್ಟ್ರಾದ ನಾನೇ. “ನಾಯಿ ಬೆಕ್ಕು ಕಚ್ಚಿತು ಅಂದ್ರೆ ಯಾರು ಯಾರನ್ನ ಕಚ್ಚಿದ್ದು ತಾಯಿ? ಬಾಲ ನೋಡಿದ್ರೆ ತಾನೆ ಪದದ ಬುದ್ಧಿ ತಿಳಿಯೋದು?” ಎನ್ನುತ್ತಿದ್ದೆ.

ಅದೇ ಲೋಪಮ್ಮ ಈಗ ನಮ್ಮ ಪಕ್ಕದ ಬೀದಿಯಲ್ಲಿ, ತನ್ನ ಮನೆಯ ಮೆಟ್ಟಿಲ ಕೆಳಗಿನ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಊರವರ ಬರಹ ಟೈಪು ಮಾಡಿಕೊಡುತ್ತಾಳೆ. ಬಿಡುವಿನಲ್ಲಿ ತನ್ನ ತಂದೆಯ ಪುಸ್ತಕವನ್ನೂ ಟೈಪು ಮಾಡಿ ಮುಗಿಸಿದ್ದಳು. ಆತ ಬಡಗಿ. ಉಳಿ, ಗರಗಸ, ಕೀಲುಗಳ ಸಾವಿರ ಪದಗಳನ್ನು ಅರ್ಥಸಮೇತ ಬರೆದಿಟ್ಟು ತೀರಿಕೊಂಡಿದ್ದ. ಟೈಪು ಮುಗಿದ ಮೇಲೆ ಮೂಲ ಹಸ್ತಪ್ರತಿಯನ್ನು ಗೆದ್ದಲು ತಿಂದಿತ್ತು. ಉಳಿದದ್ದು ಆ ಕಂಪ್ಯೂಟರಿನೊಳಗಿನ ಒಂದೇ ಒಂದು ಪ್ರತಿ.

ಒಂದು ದಿನ ನಾನು ಆ ಪುಸ್ತಕದ ಪ್ರೂಫು ನೋಡಲು ಹೋದಾಗ ಪರದೆ ಕೆಂಪಾಗಿತ್ತು. ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗಲಿದೆ. ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ.’ ಪುಸ್ತಕದ ಮುಖಪುಟಕ್ಕೆಂದು ಬೆಳಿಗ್ಗೆ ಯಾವುದೋ ಜಾಲತಾಣದಿಂದ ಪುಕ್ಕಟೆ ಫಾಂಟ್ ಇಳಿಸಿಕೊಂಡಿದ್ದಳಂತೆ.

ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುವ ಅವಳ ಮೈದುನ ಬಂದು ನೋಡಿದ. “ಎಲ್ಲಾ ಅಳಿಸಿ ಹೊಸದಾಗಿ ಹಾಕೋಣ ಅತ್ತಿಗೆ. ಫೈಲ್ ತೆಗೆದಿಟ್ರೆ ರೋಗಾನೂ ಜೊತೆಗೇ ಬರುತ್ತೆ. ಹಳೇ ಪದಗಳು ತಾನೆ, ಹೋದ್ರೆ ಹೋಗ್ಲಿ.”

“ನೆಗಡಿ ಬಂತು ಅಂತ ಮೂಗು ಕೊಯ್ತಾರೇನೋ?”

“ಹಾಗಾದ್ರೆ ಆ ನಂಬರಿಗೆ ಫೋನಾದ್ರೂ ಮಾಡಿ.”

“ಮನೆಗೆ ನುಗ್ಗಿದ ಕಳ್ಳನ್ನೇ ಬೀಗ ರಿಪೇರಿಗೆ ಕರೀಲಾ? ಕೈ ತೆಗಿ, ಯಂತ್ರ ನಂದು!”

ಮೊದಲು ಇಂಟರ್ನೆಟ್ಟಿನ ತಂತಿಯನ್ನು ಕಿತ್ತಳು. ನಮ್ಮ ಮನೆಗೆ ಬಂದು, ನನ್ನ ಕಂಪ್ಯೂಟರಿನಲ್ಲಿ ವೈರಸ್ ಹುಡುಕುವ ಪ್ರೋಗ್ರಾಮನ್ನು ಅದನ್ನು ತಯಾರಿಸಿದವರ ತಾಣದಿಂದಲೇ ಪೆನ್‌ಡ್ರೈವಿಗೆ ಇಳಿಸಿಕೊಂಡಳು. ತನ್ನ ಯಂತ್ರವನ್ನು, ತೀರಾ ಅಗತ್ಯದ ಪ್ರೋಗ್ರಾಮುಗಳಷ್ಟೇ ಓಡುವ ಸೇಫ್ ಮೋಡಿನಲ್ಲಿ ಎಬ್ಬಿಸಿ ಶೋಧಿಸಿದಳು. ಮೂರು ಸಿಕ್ಕವು, ಅಳಿಸಿದಳು. ಮತ್ತೆ ಚಾಲೂ ಮಾಡಿದರೆ ಕೆಂಪು ಪರದೆ ಹಾಜರು! ಮೈದುನ ನಕ್ಕ.

“ನಗು, ನಗು. ಬೇರು ಎಲ್ಲೋ ಉಳಿದಿದೆ,” ಎಂದು ಅವಳು ಮತ್ತೆ ಸೇಫ್ ಮೋಡಿಗೆ ಮರಳಿ, ಬೆಳಿಗ್ಗೆ ಇಳಿಸಿಕೊಂಡ ಫಾಂಟಿನ ಫೈಲನ್ನೇ ದಿಟ್ಟಿಸಿದಳು. ಹೆಸರಿನ ಕೊನೆಯಲ್ಲಿ ಫಾಂಟಿಗೆ ಇರಬೇಕಾದ ‘ಟಿಟಿಎಫ್’ ಇತ್ತು. ಆಗ ನನ್ನತ್ತ ತಿರುಗಿದಳು: “ಮೇಷ್ಟ್ರೇ, ಬೇರೆ ಯಾವ ಫೈಲಿಗೂ ಬಾಲ ಕಾಣಿಸ್ತಿಲ್ಲ. ಇದಕ್ಕೆ ಮಾತ್ರ ಯಾಕೆ?”

ಕಂಪ್ಯೂಟರು ತಾನಾಗಿಯೇ ಫೈಲುಗಳ ಬಾಲವನ್ನು ಅಡಗಿಸಿಡುತ್ತದಂತೆ. ಅವಳು ಆ ಏರ್ಪಾಡನ್ನು ತೆಗೆದೊಡನೆ ‘ಟಿಟಿಎಫ್’ ಹಿಂದೆ ಇನ್ನೊಂದು ಬಾಲ ಹೊರಬಂತು: ‘ಇಎಕ್ಸ್‌ಇ’. ಅಂದರೆ ಅದು ಫಾಂಟೇ ಅಲ್ಲ, ತಾನೇ ಓಡುವ ಪ್ರೋಗ್ರಾಮು.

“ಪ್ರತ್ಯಯಲೋಪ!” ಎಂದು ನಾನು ಕೂಗಿಯೇಬಿಟ್ಟೆ.

ಯಂತ್ರ ಚಾಲೂ ಆದಾಗ ತಾನಾಗಿ ಓಡುವ ಪ್ರೋಗ್ರಾಮುಗಳ ಪಟ್ಟಿಯಲ್ಲೂ ಅದೇ ಹೆಸರು ಕುಳಿತಿತ್ತು. ಅಲ್ಲಿಂದಲೂ ಕಿತ್ತು, ಫೈಲನ್ನು ಅಳಿಸಿ, ಎರಡು ಸಲ ಶೋಧಿಸಿದಳು. ಪರದೆ ತಿಳಿಯಾಯಿತು. ಅಪ್ಪನ ಸಾವಿರ ಪದಗಳೂ ಇದ್ದವು. ಅವನ್ನೂ ಶೋಧಿಸಿ, ಎರಡು ಕಡೆ ಪ್ರತಿ ಮಾಡಿಟ್ಟಳು.

“ಇನ್ಮೇಲೆ ಈ ಮನೇಲಿ ಬಾಲ ಬಿಚ್ಚಿದವರ ಬಾಲ ಕಟ್!” ಎಂದಳು, ಮೈದುನನನ್ನೂ ಸೇರಿಸಿ.

ವಾರದ ಮೇಲೆ ಅಚ್ಚಿನ ಹಾಳೆ ಬಂತು. ‘ಉಳಿ ಮಸೆಯುವ ಕಲ್ಲು ನೆನೆಸಿಡಬೇಕು’ ಎಂದಿತ್ತು. ‘ಕಲ್ಲನ್ನು’ ಎಂದು ತಿದ್ದಹೋದೆ. ಅವಳು ಹಾಳೆಯ ಮೇಲೆ ಕೈಯಿಟ್ಟಳು.

“ಅದು ಅಪ್ಪನ ಲೋಪ ಮೇಷ್ಟ್ರೇ. ಮುಟ್ಟೋ ಹಾಗಿಲ್ಲ.”

ಕೆಂಪು ಪೆನ್ನಿಗೆ ಮುಚ್ಚಳ ಹಾಕಿದೆ.