ಸುತ್ತಾ ಇಟಲಿ

ನಮ್ಮ ಕಡೆ ಜಮೀನು ಅಳೆಯಲು ಬರುತ್ತಿದ್ದ ಸರ್ವೆಯರ್ ತಮ್ಮ ಬೈಕನ್ನು ಯಾವಾಗಲೂ ರಸ್ತೆಗೆ ಮುಖ ಮಾಡಿಯೇ ನಿಲ್ಲಿಸುತ್ತಿದ್ದರು. "ಮೊದ್ಲು ಓಗೋ ದಾರಿ ನೋಡ್ಕಬೇಕು ಕಣಮ್ಮ" ಎನ್ನುತ್ತಿದ್ದರು. ಅವರ ಪರ್ಸಿನಲ್ಲಿ ಸ್ಯಾನ್ ಮರಿನೋ ಎಂಬ ಪುಟ್ಟ ದೇಶದ ಅಂಚೆಚೀಟಿಯೊಂದು ಇರುತ್ತಿತ್ತು. ಬೆಟ್ಟ, ಅದರ ಮೇಲೆ ಮೂರು ಗೋಪುರ.

ಕಟ್ಟಾಯದ ಹತ್ತಿರವಿದ್ದ ನಮ್ಮ ಹೊಲದ ನಾಲ್ಕೂ ಕಡೆ ದೊಡ್ಡಪ್ಪನ ಜಮೀನು. ಅಲ್ಲಿಗೆ ದಾರಿ ಗುರುತಿಸುವ ದಿನ, ನಾನೂ ಸರ್ವೆಯರೂ ಹೊಲದೊಳಗಿದ್ದಾಗ, ದೊಡ್ಡಪ್ಪ, ಅವರ ಮಕ್ಕಳು ಮಚ್ಚು ಹಿಡಿದು ಬದುವಿನ ಮೇಲೆ ನಮಗೆ ಅಡ್ಡವಾಗಿ ಸಾಲಾಗಿ ನಿಂತರು. ಸರ್ವೆಯರ್ ಟೇಪು ಸುತ್ತಿ ಕಂಕುಳಲ್ಲಿಟ್ಟುಕೊಂಡರು. ಪರ್ಸಿನಿಂದ ಅಂಚೆಚೀಟಿ ತೆಗೆದು ದೊಡ್ಡಪ್ಪನ ಮುಂದೆ ಹಿಡಿದರು.

"ನೋಡಿ ಗೌಡ್ರೇ, ಈ ಬೆಟ್ಟವೇ ಒಂದು ದೇಶ. ಸುತ್ತಾ ಇಟಲಿ. ಸಮುದ್ರ ಇಲ್ಲ, ಯುದ್ಧ ಮಾಡೋವಂಥ ಸೈನ್ಯ ಇಲ್ಲ. ಯಜಮಾನ್ರು ಇಬ್ರು, ಅವ್ರೂ ಆರೇ ತಿಂಗ್ಳು. ನೋಡಕ್ಕೆ ಬರೋ ಜನ, ಇಂಥ ಚೀಟಿ, ಇದನ್ನೇ ನಂಬ್ಕಂಡವ್ರೆ."

"ಇಟಲಿಯೋರು ದಾರಿ ಬಿಟ್ಟವ್ರಾ ಸಾ?" ಎಂದರು ದೊಡ್ಡಪ್ಪ.

"ಬಿಟ್ಟವ್ರೆ. ಬಿಡ್ದೇ ಇದ್ದಿದ್ರೆ ಆ ಜನ ಬೆಟ್ಟದ ಮ್ಯಾಲೇ ಸಾಯ್ಬೇಕಿತ್ತು."

ದೊಡ್ಡಪ್ಪ ಬಗ್ಗಿ ಚೀಟಿಯನ್ನು ನೋಡಿದರು. ಮಚ್ಚು ಕೆಳಗಿಡಲಿಲ್ಲ. ಒಬ್ಬರು ನಡೆಯುವಷ್ಟು ಮಾತ್ರ ಪಕ್ಕಕ್ಕೆ ಸರಿದರು.

"ನೀವ್ ಮುಂದೆ ನಡೀರಮ್ಮ, ತಿರುಗಿ ನೋಡ್ಬ್ಯಾಡಿ" ಎಂದರು ಸರ್ವೆಯರ್.

ಮಚ್ಚುಗಳನ್ನು ದಾಟಿ ನಡೆದೆ. ನನ್ನ ಹಿಂದೆ ಸರ್ವೆಯರ್ ಚಪ್ಪಲಿಯ ಸದ್ದು ಕೇಳುತ್ತಿತ್ತು. ಅದು ನಿಲ್ಲದಿರಲಿ, ನಿಲ್ಲದಿರಲಿ ಎಂದುಕೊಳ್ಳುತ್ತಾ ಬೈಕಿನವರೆಗೂ ನಡೆದೆ.