ಮೊಣಕಾಲು ನೋವೆಂದು ಹೇಳಿ ಬೆಳಗಾವಿಗೆ

ಖಾನಾಪುರದಿಂದ ಬೆಳಗಾವಿ ಅಷ್ಟೇನೂ ದೂರವಲ್ಲ. ಆದರೂ ಸೀಟು ಖಾಲಿಯಿದ್ದ ಬಸ್ಸಿನಲ್ಲಿ ನಾನು ನಿಂತೇ ಹೊರಟೆ. ಹೆಂಡತಿ ಗೌರವ್ವ ಪುಕ್ಕಟೆ ಟಿಕೆಟ್ಟಿನಲ್ಲಿ ಕಿಟಕಿ ಪಕ್ಕ ಕುಳಿತಳು. ದುಡ್ಡು ಕೊಟ್ಟ ನಾನು ಕಂಬ ಹಿಡಿದಿದ್ದೆ. ಹರ್ನಿಯಾ ಆಪರೇಷನ್ನಿನ ಗಾಯ ಎಂದೋ ಮಾಗಿತ್ತು. ಆದರೆ ಕುಳಿತರೆ ತೊಡೆಸಂದಿಯಲ್ಲಿ ಕೆಂಡ ಇಟ್ಟಂತೆ ಉರಿ. ನೆಲದ ಮೇಲೆ ಕುಳಿತು ಲಿಂಗಪೂಜೆ ಮಾಡಲಾಗದೆ, ಪಂಕ್ತಿಯಲ್ಲಿ ಉಣ್ಣಲಾಗದೆ ಬೇಸತ್ತು ಹೋಗಿದ್ದೆ. ನಿವೃತ್ತ ಮಾಸ್ತರನೊಬ್ಬ ಅಂಥ ಜಾಗದ ಹೆಸರನ್ನು ಊರಲ್ಲಿ ಹೇಳಲಾದೀತೇ? ಎಲ್ಲರಿಗೂ ಮೊಣಕಾಲು ನೋವೆಂದು ಹೇಳಿದ್ದೆ.

ಬಸ್ ನಿಲ್ದಾಣದ ಹಣ್ಣಿನ ವ್ಯಾಪಾರಿ ದಸ್ತಗೀರ್ ಸಾಹೇಬರು ಸ್ಟೂಲಿನ ಮೇಲೆ ಬಾಳೆಹಣ್ಣು ಪೇರಿಸಿಟ್ಟು ಸದಾ ನಿಂತೇ ಇರುವವರು. ಅವರು ಬಸ್ಸಿನ ಬಾಗಿಲವರೆಗೆ ಬಂದು ಎಣ್ಣೆಯ ಬಾಟಲಿ ಕೊಟ್ಟಿದ್ದರು.

"ಮೊಣಕಾಲಿಗೆ ತಿಕ್ಕೋರಿ ಮಾಸ್ತರ, ಓಡ್ತೀರಿ!"

ಗೌರವ್ವ ಸೆರಗು ಬಾಯಿಗೆ ಒತ್ತಿ ನಕ್ಕಿದ್ದಳು.

ಬೆಳಗಾವಿಯ ಆಸ್ಪತ್ರೆಯಲ್ಲಿ ನೋಡಿದರೆ, ಸರ್ಜನ್ ನನ್ನ ಶಿಷ್ಯೆ, ನಂದಗಡದ ಶಿಲ್ಪಾ!

"ಸರ, ಕುಂದರ್ರಿ. ಎಲ್ಲಿ ನೋವೈತ್ರಿ?"

"ಮೊಣಕಾಲು."

ಶಿಲ್ಪಾ ಪುಟ್ಟ ಸುತ್ತಿಗೆಯಿಂದ ಎರಡೂ ಮೊಣಕಾಲು ತಟ್ಟಿದಳು. ಕಾಲುಗಳು ಚಂದಾಗಿ ಒದ್ದವು. ಆಕೆ ಎಕ್ಸ್‌ರೇ ಬರೆಯಲು ಪೆನ್ನು ತೆಗೆದಾಗ ಗೌರವ್ವನ ತಾಳ್ಮೆ ಮುಗಿಯಿತು.

"ಮೊಣಕಾಲ ಅಲ್ಲವ್ವಾ, ಹರ್ನಿಯಾ ಕೊಯ್ದ ಜಾಗಾ. ಹುಡುಗರಿಗೆಲ್ಲಾ ಶರೀರದ ಪಾಠ ಹೇಳಿದವರು, ತಮ್ಮ ಶರೀರ ಅಂದ್ರ ನಾಚತಾರ!"

ಶಿಲ್ಪಾ ನಗಲಿಲ್ಲ. ಅದಕ್ಕೇ ನನ್ನ ಕಣ್ಣು ತುಂಬಿತು. ಜಾಗ ಪರೀಕ್ಷಿಸಿ, ಹರ್ನಿಯಾ ಆಪರೇಷನ್ನಿನಲ್ಲಿ ಒಳಗೆ ಹೊಲಿದ ಬಲೆಯಂಥ ಪಟ್ಟಿಯಲ್ಲಿ ನರ ಸಿಕ್ಕಿಕೊಂಡಿರಬಹುದು ಎಂದಳು. ಆ ಜಾಗ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ನೋಡಿದಳು. ಉರಿ ಕೆಲವು ತಾಸು ಮಾಯವಾಯಿತು.

"ಆ ನರಾ ಕೊಯ್ದು ತಗೀಬೇಕ್ರಿ ಸರ. ಅಲ್ಲೆ ಜೋಮು ಉಳೀತದ. ನೋವು ಪೂರಾ ಹೋಗ್ತದಂತ ಖಾತ್ರಿ ಕೊಡಂಗಿಲ್ಲ."

ಹೆದರಿಕೆಯಾಯಿತು. ಆದರೂ ಒಪ್ಪಿದೆ.

ಆಪರೇಷನ್ ಮುಗಿಸಿ ಕೆಲವು ದಿನಗಳ ಮೇಲೆ ಊರಿಗೆ ಹೊರಟೆವು. ಗೌರವ್ವ ಬೇಡವೆಂದರೂ ಹಿಂದಿನ ಗಾಲಿಯ ಮೇಲಿನ ಸೀಟಿನಲ್ಲೇ ಕುಳಿತೆ. ಮಚ್ಛೆ ದಾಟಿದ ಮೇಲೆ ಬಸ್ಸು ಒಂದು ಹಂಪಿನ ಮೇಲೆ ಎಗರಿತು. ಹಲ್ಲು ಕಚ್ಚಿ ಕಾದೆ. ಹೊಲಿಗೆ ಚುರುಕ್ಕೆಂದಿತು, ಅಷ್ಟೇ; ಆ ಹಳೆಯ ಉರಿ ಬರಲಿಲ್ಲ. ಇನ್ನೊಂದು ಹಂಪು ಯಾವಾಗ ಬಂದೀತೆಂದು ಸಣ್ಣ ಹುಡುಗನ ಹಾಗೆ ರಸ್ತೆ ನೋಡುತ್ತ ಕುಳಿತೆ.

ಖಾನಾಪುರದಲ್ಲಿ ಇಳಿಯುವಷ್ಟರಲ್ಲಿ ದಸ್ತಗೀರ್ ಸಾಹೇಬರು ಎದುರಿಗೆ ಬಂದರು.

"ಮೊಣಕಾಲ ಹೆಂಗದರಿ? ಎಣ್ಣಿ ಹತ್ತಿತೇನು?"

ನನಗೆ ಸುಳ್ಳು ಸಾಕಾಗಿತ್ತು. "ಮೊಣಕಾಲ ಅಲ್ಲರಿ ಸಾಹೇಬ್ರ. ಹರ್ನಿಯಾ ಕೊಯ್ದಲ್ಲೆ ಉರೀತಿತ್ತು. ಕುಂದರಾಕ ಆಗ್ತಿದ್ದಿಲ್ಲ. ನರಾ ತಗಿಸಿದೆ. ಇವತ್ತು ಕುಂತ ಬಂದೇನಿ."

ಸಾಹೇಬರ ನಗು ನಿಂತಿತು. ಗೌರವ್ವ ಚೀಲ ಎತ್ತಿಕೊಂಡು ಮುಂದೆ ಹೋಗುವ ತನಕ ಕಾದರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಆ ದವಾಖಾನಿ ಎಲ್ಲಿ ಬರತದ್ರಿ ಮಾಸ್ತರ? ನಂದೂ ಹರ್ನಿಯಾ ಕೊಯ್ದಾಗಿಂದ... ಮೊಣಕಾಲ ಭಾಳ ಉರೀತದ."